82ನೇ ಅವೆನ್ಯೂ ರೂಮು, ಬಾಡಿಗೆ ಕಾರು: ಪೋರ್ಟ್‌ಲ್ಯಾಂಡ್‌ಗೆ ಒಬ್ಬಳೇ ಹೋಗಲು ಈ ಪ್ಲಾನ್ ಸರಿಯಾ?

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ ಒಬ್ಬಳೇ ಹೋಗುವ ಪ್ಲಾನ್ ಸರಿಯಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ 82ನೇ ಅವೆನ್ಯೂ ಅಂತ ಓದಿದ ಕೂಡಲೇ ನಗು ಬಂತು. ನಿಮ್ಮನ್ನು ನೋಡಿ ಅಲ್ಲ, ನನ್ನನ್ನೇ ನೆನೆದು. ಮೂರು ದಿನ ಒಬ್ಬಳೇ, ಅಗ್ಗದ ರೂಮು, ಓಡಾಡಲು ಕಾರು, ಸಾಧ್ಯವಾದರೆ ಊರ ಹೊರಗಿನ ಮಲ್ಟ್‌ನೋಮಾ ಜಲಪಾತ. ನನ್ನ ಪ್ಲಾನೂ ಹೆಚ್ಚುಕಡಿಮೆ ಇದೇ ಇತ್ತು.

2019ರ ಅಕ್ಟೋಬರ್. ಆಫೀಸ್ ಕೆಲಸಕ್ಕೆ ಸ್ಯಾನ್ ಹೋಸೆಗೆ ಹೋಗಿದ್ದೆ, ವಾಪಸ್ ಬರುವ ಮುಂಚೆ ಮೂರು ದಿನ ರಜೆ ಉಳಿದಿತ್ತು. ರಸ್ತೆಯ ಬಲಗಡೆ ಗಾಡಿ ಓಡಿಸಲು ಧೈರ್ಯ ಬರಲಿಲ್ಲ, ಹಾಗಾಗಿ ಕಾರಿನ ಆಸೆ ಬಿಟ್ಟೆ. ಆ ಪ್ರವಾಸಕ್ಕೆ ಮುಂಚೆ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು, ಅದೂ ಹೆದರಿಕೆಯಿಂದ.

ರೂಮು ಸಿಕ್ಕಿದ್ದು 12ನೇ ಅವೆನ್ಯೂನಲ್ಲಿ, ವಯಸ್ಸಾದ ಒಬ್ಬ ಹೆಂಗಸಿನ ಮನೆಯ ಮಹಡಿ ಮೇಲೆ. ರಾತ್ರಿ ಹತ್ತರ ಒಳಗೆ ಬರಬೇಕು ಅಂತ ಆಕೆ ಮೊದಲೇ ಹೇಳಿದ್ದರು. ಫೋನ್ ಕೈಕೊಟ್ಟರೆ ಇರಲಿ ಎಂದು ವಿಳಾಸವನ್ನು ಡೈರಿಯಲ್ಲಿ ಬರೆದುಕೊಂಡೆ. ಮನೆ ನಂಬರ್, 12ನೇ ಅವೆನ್ಯೂ, ಪೋರ್ಟ್‌ಲ್ಯಾಂಡ್. ನಂಬರ್ ಆದ ಮೇಲೆ ‘ಎಸ್‌ಇ’ ಅಂತ ಎರಡಕ್ಷರ ಇತ್ತು. ಪೋಸ್ಟಿನವರ ಗುರುತು ಏನೋ ಇರಬೇಕು ಅಂತ ಬಿಟ್ಟುಬಿಟ್ಟೆ.

ಆ ಎರಡಕ್ಷರದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಊರಿನ ಮಧ್ಯೆ ವಿಲ್ಯಾಮೆಟ್ ನದಿ ಹರಿಯುತ್ತದೆ. ಅದರ ಆಚೆ ಪೂರ್ವ, ಈಚೆ ಪಶ್ಚಿಮ. ಅಡ್ಡಕ್ಕೆ ಬರ್ನ್‌ಸೈಡ್ ಅನ್ನುವ ದೊಡ್ಡ ರಸ್ತೆ, ಅದರ ಮೇಲೆ ಉತ್ತರ, ಕೆಳಗೆ ದಕ್ಷಿಣ. ಉತ್ತರ-ದಕ್ಷಿಣಕ್ಕೆ ಹೋಗುವ ರಸ್ತೆಗಳೇ ಅವೆನ್ಯೂ. ಅವುಗಳ ಎಣಿಕೆ ನದಿಯ ಕಡೆಯಿಂದ ಎರಡೂ ದಿಕ್ಕಿಗೆ ಹೋಗುತ್ತದೆ. ಅಂದರೆ ಪೂರ್ವದಲ್ಲೂ ಒಂದು 12ನೇ ಅವೆನ್ಯೂ, ಪಶ್ಚಿಮದಲ್ಲೂ ಒಂದು 12ನೇ ಅವೆನ್ಯೂ. ಮನೆ ನಂಬರ್‌ಗಳು ಬರ್ನ್‌ಸೈಡ್‌ನಿಂದ ಶುರುವಾಗುವುದರಿಂದ ಅದೇ ನಂಬರಿನ ಕಟ್ಟಡವೂ ಎರಡೂ ಕಡೆ ಇರಬಹುದು. ಎಸ್‌ಇ ಅಂದರೆ ಆಗ್ನೇಯ, ಎಸ್‌ಡಬ್ಲ್ಯೂ ಅಂದರೆ ನೈಋತ್ಯ. ಬೆಂಗಳೂರಿನಲ್ಲಿ ಬೆಳೆದವಳು ನಾನು. ಬರೀ ‘4ನೇ ಬ್ಲಾಕ್’ ಅಂದರೆ ಆಟೋದವರು “ಜಯನಗರನಾ, ರಾಜಾಜಿನಗರನಾ, ಕೋರಮಂಗಲನಾ?” ಅಂತ ಕೇಳುತ್ತಾರೆ ಅಲ್ವಾ? ಅಷ್ಟು ಗೊತ್ತಿದ್ದೂ ಬಿಟ್ಟೆ.

ಏರ್‌ಪೋರ್ಟ್ ಒಳಗಿಂದಲೇ ಮ್ಯಾಕ್ಸ್ ರೆಡ್ ಲೈನ್ ಟ್ರೈನ್ ಹೊರಡುತ್ತದೆ. ಆಗ ಟಿಕೆಟ್ ಎರಡೂವರೆ ಡಾಲರ್. ವಿಮಾನ ತಡವಾಗಿತ್ತು, ಫೋನಿನ ಚಾರ್ಜ್ ಮುಗಿದಿತ್ತು. ಟ್ರೈನ್ ನದಿ ದಾಟುವಾಗ ನೀರಿನ ಮೇಲಿನ ದೀಪ ನೋಡಿ ಖುಷಿಪಟ್ಟೆ. ನನ್ನ ರೂಮು ಹಿಂದೆಯೇ ಉಳಿಯಿತು ಅಂತ ಆಗ ಹೇಗೆ ಗೊತ್ತಾಗಬೇಕು!

ಇಳಿದಾಗ ಒಂಬತ್ತೂಕಾಲು, ಜಿಟಿಜಿಟಿ ಮಳೆ. ಡೈರಿಯಲ್ಲಿದ್ದ ನಂಬರಿನ ಕಟ್ಟಡ ಸಿಕ್ಕಿತು. ಆದರೆ ಅದು ಮನೆಯಲ್ಲ, ಏಳೆಂಟು ಮಹಡಿಯ ಅಪಾರ್ಟ್‌ಮೆಂಟು. ಗಾಜಿನ ಬಾಗಿಲು, ಪಕ್ಕದಲ್ಲಿ ಗುಂಡಿಗಳ ಸಾಲು. ಇಪ್ಪತ್ತು ನಿಮಿಷ ಒಂದೊಂದೇ ಗುಂಡಿ ಒತ್ತಿದೆ. ಕೊನೆಗೆ ನಾಯಿ ಕರೆದುಕೊಂಡು ಬಂದ ಒಬ್ಬರು ನನ್ನ ಡೈರಿ ನೋಡಿ, “ಯಾವ 12ನೇ ಅವೆನ್ಯೂ?” ಅಂದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಒದ್ದೆ ಕೈಯಲ್ಲೇ ಡೈರಿಯ ಹಾಳೆ ಮೇಲೆ ಒಂದು ಗೆರೆ ಎಳೆದು, “ಇದು ನದಿ” ಅಂದರು. ಶಾಯಿ ಹರಡಿತು. ಹೋಗಬೇಕಾದ ಮನೆ ಸುಮಾರು ಮೂರು ಕಿಲೋಮೀಟರ್ ಆಚೆ, ಸೇತುವೆಯ ಆ ಕಡೆ.

ಸೂಟ್‌ಕೇಸ್ ಎಳೆದುಕೊಂಡು ಹಾಥಾರ್ನ್ ಸೇತುವೆ ದಾಟಿ ಅಲ್ಲಿಗೆ ಮುಟ್ಟಿದಾಗ ಹತ್ತೂಮುಕ್ಕಾಲು. ದೀಪ ಆರಿತ್ತು. ಬೆಲ್ ಒತ್ತಿದೆ, ಯಾರೂ ಬರಲಿಲ್ಲ. ಆ ರಾತ್ರಿ ಸಿಕ್ಕ ಹೋಟೆಲ್‌ಗೆ 179 ಡಾಲರ್ ಕೊಟ್ಟೆ. ಮೂರು ರಾತ್ರಿಯ ಬಾಡಿಗೆ ಒಂದೇ ರಾತ್ರಿಗೆ. ಆಕೆಯದು ತಪ್ಪಿಲ್ಲ, ಹತ್ತು ಅಂದರೆ ಹತ್ತು. ಬೆಳಿಗ್ಗೆ ಹೋದಾಗ ಬಿಸಿ ಕಾಫಿ ಕೊಟ್ಟು ಒಂದು ಮಾತು ಹೇಳಿಕೊಟ್ಟರು, ಅದನ್ನೇ ನಿಮಗೆ ದಾಟಿಸುತ್ತಿದ್ದೇನೆ: ಇಲ್ಲಿ ಒಂದು ಮೈಲಿಗೆ ಹೆಚ್ಚುಕಡಿಮೆ 20 ಬ್ಲಾಕ್. ಬ್ಲಾಕ್ ಅಂದರೆ ನಮ್ಮ ಬಡಾವಣೆ ಅಲ್ಲ, ಒಂದು ಅಡ್ಡರಸ್ತೆಯಿಂದ ಮುಂದಿನದಕ್ಕೆ ಇರುವ ತುಂಡು. ಒಂದೊಂದು ಬ್ಲಾಕ್‌ಗೆ ಅವೆನ್ಯೂ ನಂಬರ್ ಹೆಚ್ಚುಕಡಿಮೆ ಒಂದೊಂದು ಏರುತ್ತದೆ.

ಈಗ ನಿಮ್ಮ 82 ಅನ್ನು 20ರಿಂದ ಭಾಗಿಸಿ. ನದಿಯಿಂದ ನಾಲ್ಕು ಮೈಲಿಗೂ ಜಾಸ್ತಿ, ಆರೂವರೆ ಕಿಲೋಮೀಟರ್. ರೂಮು ಯಾಕೆ ಅಗ್ಗ ಅಂತ ಗೊತ್ತಾಯಿತಲ್ಲ? ಆ ದೂರಕ್ಕಾಗಿಯೇ ನಿಮಗೆ ಕಾರು ಬೇಕು ಅನ್ನಿಸುತ್ತಿದೆ. ರೂಮು ಬದಲಾಯಿಸಿ, ಕಾರಿನ ಪ್ರಶ್ನೆಯೇ ಇರುವುದಿಲ್ಲ. ಪೂರ್ವದ ಕಡೆ 30ಕ್ಕಿಂತ ಕಡಿಮೆ ನಂಬರಿನ ಅವೆನ್ಯೂನಲ್ಲಿ ಹುಡುಕಿ. ದಿನಾ ಒಂದೊಂದು ಸೇತುವೆ ಮೇಲೆ ನಡೆದು ಪೇಟೆಗೆ ಹೋಗಬಹುದು. ಟಿಲಿಕಮ್ ಕ್ರಾಸಿಂಗ್ ಅಂತ 2015ರಲ್ಲಿ ತೆರೆದ ಸೇತುವೆ ಇದೆ, ಅದರ ಮೇಲೆ ಕಾರುಗಳಿಗೆ ಜಾಗವೇ ಇಲ್ಲ. ನಡೆಯುವವರು, ಸೈಕಲ್, ಬಸ್ಸು, ಟ್ರೈನು ಅಷ್ಟೇ. ಅಂಥ ಊರಿಗೆ ಹೋಗಿ ಪಾರ್ಕಿಂಗ್ ಹುಡುಕುತ್ತಾ ಕೂರುತ್ತೀರಾ?

ಪೇಟೆಯ ಬ್ಲಾಕ್‌ಗಳು 200 ಅಡಿ ಅಷ್ಟೇ. ನಿಮಿಷಕ್ಕೊಂದು ಮೂಲೆ ಬರುತ್ತದೆ, ಅದಕ್ಕೇ ಕಾಲು ದಣಿದದ್ದು ಗೊತ್ತಾಗುವುದಿಲ್ಲ. ಅಲ್ಲಲ್ಲಿ ನಾಲ್ಕು ಬೋಗುಣಿಯ ಕಂಚಿನ ಕುಡಿಯುವ ನೀರಿನ ಕಾರಂಜಿ ಕಾಣುತ್ತದೆ. ಮರದ ವ್ಯಾಪಾರಿ ಸೈಮನ್ ಬೆನ್ಸನ್ 1912ರಲ್ಲಿ ಇಂಥ 20 ಕಾರಂಜಿಗೆ ಹಣ ಕೊಟ್ಟಿದ್ದ. ಕೆಲಸದವರು ಮಧ್ಯಾಹ್ನ ಬಿಯರ್ ಬಿಟ್ಟು ನೀರು ಕುಡಿಯಲಿ ಅನ್ನುವ ಆಸೆ ಅವನದು ಅಂತ ಕಥೆ. ಬಗ್ಗಿ ಕುಡಿಯಿರಿ, ಬಾಟಲಿ ನೀರಿಗೆ ದುಡ್ಡು ಹಾಕಬೇಡಿ.

‘ವಿಚಿತ್ರ ಜಾಗಗಳ ಪಟ್ಟಿ ಕೊಡಿ’ ಅಂತಲೂ ಕೇಳಿದ್ದೀರಿ. ಕೊಡುವುದಿಲ್ಲ. ಪಟ್ಟಿ ಹಿಡಿದು ಹೋದರೆ ಮಿಲ್ ಎಂಡ್ಸ್ ಪಾರ್ಕ್ ನೋಡಿ ಬೈದುಕೊಳ್ಳುತ್ತೀರಿ. ರಸ್ತೆ ಮಧ್ಯದಲ್ಲಿ ಎರಡಡಿ ಅಗಲದ ಒಂದು ವೃತ್ತ, ನಮ್ಮ ಮನೆಯ ತುಳಸಿಕಟ್ಟೆಗಿಂತ ಚಿಕ್ಕದು. 1976ರಿಂದ ಅದು ಅಧಿಕೃತ ಪಾರ್ಕು! ಜಗತ್ತಿನ ಅತಿ ಚಿಕ್ಕ ಪಾರ್ಕ್ ಅನ್ನುವ ಗಿನ್ನೆಸ್ ದಾಖಲೆ 2025ರಲ್ಲಿ ಜಪಾನಿನ ಪಾಲಾಯಿತು, ಪಾಪ. ನನಗೆ ಅದು ಸಿಕ್ಕಿದ್ದು ಸಿಗ್ನಲ್‌ನಲ್ಲಿ ನಿಂತಾಗ, ಹುಡುಕದೆ. ಅದಕ್ಕೇ ಹತ್ತು ನಿಮಿಷ ನಿಂತು ನೋಡಿದೆ. ಜೊತೆಯಲ್ಲಿ ಯಾರಾದರೂ ಇದ್ದಿದ್ದರೆ ಎರಡನೇ ನಿಮಿಷಕ್ಕೆ ‘ನಡಿ’ ಅನ್ನುತ್ತಿದ್ದರು.

ಒಂದನ್ನು ಮಾತ್ರ ಹೇಳುತ್ತೇನೆ. ಪಯನೀರ್ ಕೋರ್ಟ್‌ಹೌಸ್ ಸ್ಕ್ವೇರ್‌ನಲ್ಲಿ ಎತ್ತರದ ಕಂಬವೊಂದಿದೆ, ಹೆಸರು ವೆದರ್ ಮಷೀನ್. ಮಧ್ಯಾಹ್ನ 12ಕ್ಕೆ ಕಹಳೆ ಊದಿ, ಮಂಜು ಚಿಮ್ಮಿಸಿ, ಹವಾಮಾನ ಹೇಳುತ್ತದೆ. ಬಿಸಿಲಿದ್ದರೆ ಸೂರ್ಯ, ಜೋರು ಮಳೆಗೆ ಡ್ರ್ಯಾಗನ್, ತುಂತುರಿಗೆ ನೀಲಿ ಕೊಕ್ಕರೆ. ನನಗೆ ಮೂರೂ ದಿನ ಕೊಕ್ಕರೆಯೇ. ಸುತ್ತ ನಿಂತಿದ್ದ ಊರಿನವರ ಹತ್ತಿರ ಕೊಡೆ ಇರಲಿಲ್ಲ, ಟೋಪಿ ಇರುವ ಜಾಕೆಟ್ ಅಷ್ಟೇ. ನೀವೂ ಅದನ್ನೇ ಒಯ್ಯಿರಿ.

ಮಳೆ ಜಾಸ್ತಿಯಾದರೆ ಪೊವೆಲ್ಸ್‌ಗೆ ನುಗ್ಗಿ. ಒಂದು ಇಡೀ ಬ್ಲಾಕ್ ತುಂಬಿದ ಪುಸ್ತಕದಂಗಡಿ, ಕೋಣೆಗಳಿಗೆ ಬಣ್ಣದ ಹೆಸರು. ಹೊಸ ಪುಸ್ತಕ, ಹಳೆ ಪುಸ್ತಕ ಒಂದೇ ಕಪಾಟಿನಲ್ಲಿ ಪಕ್ಕಪಕ್ಕ ಇರುತ್ತವೆ. ಒರೆಗಾನ್‌ನಲ್ಲಿ ಮಾರಾಟ ತೆರಿಗೆ ಇಲ್ಲ, ಹಾಕಿದ ಬೆಲೆಯೇ ಕೊಡುವ ಬೆಲೆ. ಇದು ಸೂಟ್‌ಕೇಸಿನ ತೂಕಕ್ಕೆ ಒಳ್ಳೆಯದಲ್ಲ.

ಭಯದ ವಿಷಯ: ಓಲ್ಡ್ ಟೌನ್ ಕಡೆ ಫುಟ್‌ಪಾತ್ ಮೇಲೆ ಟೆಂಟ್ ಹಾಕಿಕೊಂಡವರಿದ್ದರು. ನನ್ನ ತಂಟೆಗೆ ಯಾರೂ ಬರಲಿಲ್ಲ, ಆದರೂ ಕತ್ತಲಾದ ಮೇಲೆ ಆ ದಾರಿ ಬಿಟ್ಟೆ.

ಜಲಪಾತಕ್ಕೂ ಕಾರು ಬೇಡ. ಗೇಟ್‌ವೇ ಸ್ಟೇಷನ್‌ನಿಂದ ಕೊಲಂಬಿಯಾ ಗಾರ್ಜ್ ಎಕ್ಸ್‌ಪ್ರೆಸ್ ಬಸ್ ಹೋಗುತ್ತದೆ, ಹೊತ್ತು ಮಾತ್ರ ಮೊದಲೇ ನೋಡಿಕೊಳ್ಳಿ. ನಾನು ಹೋಗಲಿಲ್ಲ. ಆ ದುಡ್ಡು ಮೊದಲ ರಾತ್ರಿಯೇ ಹೋಗಿತ್ತಲ್ಲ.

82ನೇ ಅವೆನ್ಯೂ ರೂಮು ಕ್ಯಾನ್ಸಲ್ ಮಾಡಲು ಇನ್ನೂ ಟೈಮ್ ಇದೆಯಾ ನೋಡಿ. ಹೊಸದು ಬುಕ್ ಮಾಡಿದ ಮೇಲೆ ವಿಳಾಸದ ಎಲ್ಲ ಅಕ್ಷರ ಬರೆದುಕೊಳ್ಳಿ.