ಎಡಗೈ ಜುಮ್ಮೆಂದಾಗಲೆಲ್ಲ ಕಂಪ್ಯೂಟರ್ ತೆರೆಯುತ್ತಿದ್ದ ಹಿರಿಯರು

(ಆಪ್ತಸಲಹೆ ಪ್ರಕರಣ. ಗುರುತು ಸಿಗದಂತೆ ವಯಸ್ಸು, ಇಲಾಖೆ, ಮನೆಯ ವಿವರಗಳನ್ನು ಬದಲಿಸಲಾಗಿದೆ. ಬರೆಯಲು ಅವರ ಒಪ್ಪಿಗೆ ಇದೆ.)

ಕಲಬುರಗಿಯ ಸರ್ಕಾರಿ ಕಚೇರಿಯೊಂದರ ಲೆಕ್ಕಪತ್ರ ಶಾಖೆಯಿಂದ ನಿವೃತ್ತರಾಗಿ ವರ್ಷ ತುಂಬಿದ ಹಿರಿಯರು. ವಯಸ್ಸು 61. ಬಿ.ಪಿ.ಗೆ ಕೆಲವು ವರ್ಷಗಳಿಂದ ದಿನಕ್ಕೊಂದು ಮಾತ್ರೆ. ಸಕ್ಕರೆ ಕಾಯಿಲೆ ಇಲ್ಲ, ತಂಬಾಕಿನ ಚಟ ಇಲ್ಲ. ಹೈದರಾಬಾದಿನಲ್ಲಿ ನೌಕರಿ ಮಾಡುವ ಮಗ ಹೊಸ ಕಂಪ್ಯೂಟರ್ ಕೊಡಿಸಿ, ಇಂಟರ್‌ನೆಟ್ ಹಾಕಿಸಿ ಹೋಗಿದ್ದ. ತೊಗರಿ ಹೊಲದ ಲೆಕ್ಕ ಬರೆದಿಡಬೇಕು, ಮೊಮ್ಮಗಳ ಮುಖ ನೋಡುತ್ತ ಮಾತಾಡಬೇಕು, ಪಿಂಚಣಿಯ ಕಾಗದಪತ್ರ ಒಂದೆಡೆ ಇರಬೇಕು ಎಂಬುದು ಉದ್ದೇಶ. ಆರು ತಿಂಗಳಲ್ಲಿ ಅದರ ಮುಂದೆ ಕೂತು ಅವರು ಹೆಚ್ಚಾಗಿ ಮಾಡುತ್ತಿದ್ದುದು ರೋಗ ಹುಡುಕುವ ಕೆಲಸ.

ಕರೆತಂದವರು ಪತ್ನಿ. "ರಾತ್ರಿ ಎರಡಕ್ಕ ಎದ್ದು ಅದರ ಮುಂದ ಕುಂದರ್ತಾರ್ರಿ. ಆಮ್ಯಾಲ ನನ್ನ ಎಬ್ಬಿಸಿ ನಾಡಿ ಹಿಡಿದು ನೋಡು ಅಂತಾರ." ಹಿರಿಯರು ಹೆಚ್ಚು ಮಾತಾಡಲಿಲ್ಲ: "ಎಡಗೈ ಜುಮು ಜುಮು ಅನ್ಲತ್ತದ್ರಿ. ನೆಟ್ಟಿನಾಗ ನೋಡಿದ್ರ ಹಾರ್ಟಿಂದೇ ಅಂತ ಬರ್ತದ."

ಅರವತ್ತು ದಾಟಿದ, ಬಿ.ಪಿ. ಇರುವ ಒಬ್ಬರು ಎಡಗೈ ಜುಮ್ಮೆನ್ನುತ್ತದೆ ಎಂದರೆ ಅದನ್ನು ಮೊದಲೇ ಮನಸ್ಸಿನ ಖಾತೆಗೆ ಬರೆಯಬಾರದು. ದೇಹದ ತಪಾಸಣೆ ಮೊದಲು, ಮಾತುಕತೆ ಆಮೇಲೆ. ಇವರು ಅಷ್ಟರಲ್ಲಿ ಮೂರು ಕಡೆ ಇಸಿಜಿ ಮಾಡಿಸಿಕೊಂಡಿದ್ದರು; ಒಬ್ಬ ವೈದ್ಯರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸಿರಲಿಲ್ಲ. ಹೀಗೆ ಮಾಡಿದರೆ ಪ್ರತಿ ವೈದ್ಯರೂ ಮೊದಲಿನಿಂದ ಶುರು ಮಾಡುತ್ತಾರೆ, ಯಾರ ಮಾತೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಕೊಟ್ಟ ಮೊದಲ ಸಲಹೆ: ಒಬ್ಬರೇ ವೈದ್ಯರು, ಒಂದೇ ಫೈಲು, ದಿನಾಂಕದ ಪ್ರಕಾರ ಎಲ್ಲ ಚೀಟಿಗಳು.

ಆ ಫೈಲು ನೋಡಿದ ವೈದ್ಯರು ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಸಕ್ಕರೆಯ ಮೂರು ತಿಂಗಳ ಸರಾಸರಿ, ಥೈರಾಯ್ಡ್, ವಿಟಮಿನ್ ಬಿ12 ಎಲ್ಲವನ್ನೂ ಪರಿಶೀಲಿಸಿದರು. ದೋಷ ಕಾಣಲಿಲ್ಲ. ಅಲ್ಲಿಗೆ ನಿಲ್ಲದೆ ಯಾವ ಬೆರಳು ಎಂದು ಕೇಳಿದರು. ಕಿರುಬೆರಳು, ಅದರ ಪಕ್ಕದ ಉಂಗುರ ಬೆರಳು. ಮೊಣಕೈಯ ಒಳಮಗ್ಗುಲಿಗೆ ಬೆರಳಿಂದ ತಟ್ಟಿದಾಗ ಅದೇ ಜುಮ್ಮು ಕಿರುಬೆರಳವರೆಗೆ ಹರಿಯಿತು. ಅಲ್ಲಿ ಮೂಳೆಯ ಹಿಂದೆ ಚರ್ಮದ ಕೆಳಗೇ ಅಲ್ನಾರ್ ನರ ಹಾಯುತ್ತದೆ. ಮೊಣಕೈ ಬಾಗಿಲಿಗೆ ತಾಗಿದಾಗ ಕರೆಂಟ್ ಹೊಡೆದಂತಾಗುವುದು ಇದೇ ನರದಿಂದ. ಇದನ್ನು ಗಂಟೆಗಟ್ಟಲೆ ಒತ್ತಿದರೆ ಈ ಎರಡು ಬೆರಳು ಜುಮ್ಮೆನ್ನುತ್ತವೆ.

ಒತ್ತುತ್ತಿದ್ದುದು ಯಾವುದು? ಅವರು ಕೂರುವ ಜಾಗದ ಫೋಟೊವನ್ನು ಪತ್ನಿ ಮೊಬೈಲಿನಲ್ಲಿ ತೆಗೆದು ತಂದರು. 30 ಅಂಗುಲ ಎತ್ತರದ ಊಟದ ಮೇಜು, ತಗ್ಗಾದ ಪ್ಲಾಸ್ಟಿಕ್ ಕುರ್ಚಿ. ಬಲಗೈ ಮೌಸಿನ ಮೇಲೆ. ಎಡ ಮೊಣಕೈ ಮೇಜಿನ ಅಂಚಿಗೆ ಊರಿ, ಅಂಗೈಯಲ್ಲಿ ಗದ್ದ ಇಟ್ಟು ಓದುವ ಭಂಗಿ. ಪರದೆಯನ್ನು ಸಿಪಿಯು ಪೆಟ್ಟಿಗೆಯ ಮೇಲೆ ಏರಿಸಿಟ್ಟಿದ್ದರು. ಬೈಫೋಕಲ್ ಕನ್ನಡಕದಲ್ಲಿ ಓದುವ ಗಾಜು ಕೆಳಗಿರುತ್ತದೆ. ಎತ್ತರದ ಪರದೆ ಓದಬೇಕೆಂದರೆ ಗದ್ದ ಮೇಲೆತ್ತಿ ಕುತ್ತಿಗೆ ಹಿಂದಕ್ಕೆ ಬಾಗಿಸಲೇಬೇಕು. ಎಡ ಭುಜದ ನೋವು, ಹೆಡಕಿನ ಬಿಗಿತ ಅಲ್ಲಿಂದ ಬಂದದ್ದು. ಜುಮ್ಮು ತರಿಸುತ್ತಿದ್ದುದೂ ಆ ಮೇಜೇ, ಆ ಜುಮ್ಮಿಗೆ ಅರ್ಥ ಹೇಳಿ ಹೆದರಿಸುತ್ತಿದ್ದುದೂ ಆ ಮೇಜೇ. ಈ ಪ್ರಕರಣದ ಗಂಟು ಇದು.

ಕಂಪ್ಯೂಟರ್ ತೆಗೆದುಹಾಕಿರಿ ಎಂದು ನೆಂಟರು ಹೇಳುತ್ತಿದ್ದರು. ಅದು ಸರಿಯಾದ ಸಲಹೆ ಅಲ್ಲ. ನಿವೃತ್ತಿಯ ನಂತರ ಅವರಿಗೆ ಮನೆಯ ಹೊರಗಿನ ಜಗತ್ತಿಗೆ ಇದ್ದ ಒಂದು ಬಾಗಿಲು ಅದು. ಅದೂ ಹೋದರೆ ಹುಡುಕಾಟ ಮೊಬೈಲಿಗೆ ಹೋಗುತ್ತದೆ, ಹಾಸಿಗೆಯವರೆಗೂ ಬರುತ್ತದೆ. ಬದಲಿಗೆ ಜಾಗ ಬದಲಾಯಿತು. ಮಲಗುವ ಕೋಣೆಯಿಂದ ಪಡಸಾಲೆಗೆ ಮೇಜು ಬಂತು. ಸಿಪಿಯು ಪಕ್ಕಕ್ಕೆ, ಪರದೆ ನೇರ ಮೇಜಿನ ಮೇಲೆ, ಸ್ವಲ್ಪ ಹಿಂದಕ್ಕೆ ವಾಲಿಸಿ, ಕಣ್ಣಿನಿಂದ ಒಂದು ತೋಳಿನಷ್ಟು ದೂರ. ಕುರ್ಚಿಯ ಮೇಲೆ ಕೌದಿ ಮಡಿಸಿ ಎರಡು ಅಂಗುಲ ಎತ್ತರಿಸಿದಾಗ ಮೊಣಕೈ ಮೇಜಿನ ಮಟ್ಟಕ್ಕೆ ಬಂತು; ಆಗ ಕಾಲು ನೆಲಕ್ಕೆ ಊರುವುದಿಲ್ಲ, ಆದ್ದರಿಂದ ಪಾದದ ಕೆಳಗೆ ಮಣೆ. ಅಕ್ಷರ ಸಣ್ಣದಾಗಿದ್ದರಿಂದ ಮುಂದೆ ಬಗ್ಗುತ್ತಿದ್ದರು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಅಲ್ಲಿ ಸ್ಕೇಲ್ ಎಂಬುದನ್ನು 150ಕ್ಕೆ ಏರಿಸಿದರೆ ಎಲ್ಲ ಅಕ್ಷರವೂ ದೊಡ್ಡದಾಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದವರೆಗೆ ಹೋಗಿ ಬರುವುದು. ಮಲಗುವಾಗ ಮೊಣಕೈ ಪೂರ್ತಿ ಮಡಚಿದರೂ ಆ ನರ ಎಳೆಯುತ್ತದೆ ಎಂದು ವೈದ್ಯರು ಎಡ ಮೊಣಕೈಗೆ ಟವೆಲ್ ಸಡಿಲವಾಗಿ ಸುತ್ತಿಕೊಳ್ಳಲು ಹೇಳಿದರು. ಬೆರಳಿನ ಬಲ ಕುಂದಿದರೆ, ವಸ್ತು ಕೈಜಾರಿದರೆ ಕಾಯದೆ ಬರಬೇಕೆಂದೂ ತಿಳಿಸಿದರು. ಮೂರನೇ ವಾರಕ್ಕೆ ಜುಮ್ಮು ಬಹಳಷ್ಟು ಇಳಿಯಿತು.

ಭಯ ಅಷ್ಟು ಬೇಗ ಇಳಿಯಲಿಲ್ಲ.

ಎರಡನೇ ಭೇಟಿಯಲ್ಲಿ ಅದರ ಬೇರು ಸಿಕ್ಕಿತು. ಇವರ ಜೊತೆಗೇ, ಅದೇ ತಿಂಗಳು ನಿವೃತ್ತರಾದ ಗೆಳೆಯರೊಬ್ಬರು ಐದು ತಿಂಗಳಿಗೆ ಹೃದಯಾಘಾತದಿಂದ ತೀರಿಕೊಂಡಿದ್ದರು. ಮಣ್ಣಿಗೆ ಹೋಗಿ ಬಂದರು, ಸ್ನಾನ ಮಾಡಿದರು, ಯಾರ ಹತ್ತಿರವೂ ಆ ಮಾತು ಎತ್ತಲಿಲ್ಲ. "ಅವನ ಪಾಳಿ ಮುಗೀತು, ಇನ್ನ ನಂದೇ ಅನ್ನಸ್ತದ್ರಿ" ಎಂದು ಅಲ್ಲಿ ಮೊದಲ ಸಲ ಹೇಳಿದರು. ಮೂವತ್ತು ವರ್ಷ ಎದುರುಬದುರು ಕೂತು ಲೆಕ್ಕ ತಾಳೆ ನೋಡಿದ ಮನುಷ್ಯ ಹೋದ ದುಃಖಕ್ಕೆ ದಾರಿ ಸಿಗದೆ ಅದು ತನ್ನ ಎದೆಯ ಮೇಲಿನ ಕಾವಲಾಗಿತ್ತು. ಆ ಭೇಟಿಯ ಬಹುಪಾಲು ಹೊತ್ತು ಗೆಳೆಯರ ಮಾತಿಗೇ ಹೋಯಿತು, ಹೋಗಬೇಕಾದದ್ದೂ ಹಾಗೆಯೇ. ಇಂಥ ದುಃಖವನ್ನು ಬಿಟ್ಟು ಬರೀ ಕಂಪ್ಯೂಟರಿನ ಅಭ್ಯಾಸ ತಿದ್ದಲು ಹೊರಟರೆ ಅದರ ಫಲ ಬಹುಕಾಲ ಉಳಿಯುವುದಿಲ್ಲ.

ಹುಡುಕಾಟ ಹೇಗೆ ಭಯ ಬೆಳೆಸುತ್ತದೆ ಎಂಬುದನ್ನು ಅವರ ಕಣ್ಣೆದುರೇ ತೋರಿಸಲಾಯಿತು. ಅವರು ಟೈಪ್ ಮಾಡುತ್ತಿದ್ದುದು ‘ಎಡಗೈ ಜುಮ್ಮು ಹೃದಯಾಘಾತ’. ಪ್ರಶ್ನೆಯೊಳಗೇ ಉತ್ತರ ಕೂತಿದೆ. ಬರುವ ಪುಟಗಳೆಲ್ಲ ಹೃದಯದ್ದೇ. ‘ಮೊಣಕೈ ಊರಿದರೆ ಕಿರುಬೆರಳು ಜುಮ್ಮು’ ಎಂದು ಹಾಕಿದಾಗ ಬಂದವು ಬೇರೆಯೇ. ಒಂದು ವಿಡಿಯೊ ನೋಡಿದರೆ ಅಂಥವೇ ಹತ್ತು ಸಾಲಾಗಿ ಬರುತ್ತವೆ, ಏಕೆಂದರೆ ಯೂಟ್ಯೂಬ್ ನೋಡಿದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಹಿಸ್ಟರಿ ತೆರೆದು, ನೋಡಿದ ಪಟ್ಟಿಯನ್ನು ಪೂರ್ತಿ ಅಳಿಸಿ, ನೆನಪಿಡುವುದನ್ನು ನಿಲ್ಲಿಸುವ ಆಯ್ಕೆ ಒತ್ತಿಸಿದ ಮೇಲೆ ಎದೆ ಹಿಡಿದು ನಿಂತವರ ಚಿತ್ರಗಳು ತಾವಾಗಿ ಎದುರು ಬರುವುದು ನಿಂತಿತು.

ಇನ್ನೊಂದು ಕಾಟ ಪರದೆಯ ಬಲ ಮೂಲೆಯಲ್ಲಿ ಪುಟಿಯುತ್ತಿದ್ದ ಎಚ್ಚರಿಕೆಗಳು. ‘ವೈರಸ್ ಬಂದಿದೆ’, ‘ಈ ನಂಬರಿಗೆ ಕರೆ ಮಾಡಿ’. ಆರೋಗ್ಯದ ಯಾವುದೋ ಜಾಲತಾಣದಲ್ಲಿ ‘ಅನುಮತಿಸಿ’ ಎಂಬುದನ್ನು ಒತ್ತಿದ್ದೇ ಕಾರಣ. ಕಂಪ್ಯೂಟರಿಗೆ ವೈರಸ್ ಬಂದಿರಲಿಲ್ಲ. ಕ್ರೋಮ್‌ನ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಒಳಗೆ ಹೋಗಿ, ಅನುಮತಿ ಪಡೆದ ಅಪರಿಚಿತ ತಾಣಗಳನ್ನು ತೆಗೆದರೆ ಸಾಕು. ಪರದೆ ಪೂರ್ತಿ ತುಂಬಿ ಕಿರುಚುವ ಪುಟ ಬಂದರೆ ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು, ಆಮೇಲೆ ಆಲ್ಟ್ ಮತ್ತು ಎಫ್4 ಒಟ್ಟಿಗೆ. ಅದಕ್ಕೂ ಬಗ್ಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಮತ್ತೆ ಹಾಕಿದಾಗ ಹಳೆಯ ಪುಟಗಳನ್ನು ಮರಳಿ ತೆರೆಯಬಾರದು. ಆ ನಂಬರಿಗೆ ಕರೆ ಮಾಡುವುದಾಗಲಿ, ಅವರು ಹೇಳಿದ ಆ್ಯಪ್ ಹಾಕಿಕೊಳ್ಳುವುದಾಗಲಿ ಕೂಡದು. ಹಣ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಹೆದರಿದ ಮನುಷ್ಯ ಇಂಥ ಬಲೆಗೆ ಬೇಗ ಬೀಳುತ್ತಾನೆ. ಆರೋಗ್ಯದ ಆತಂಕ ಇರುವ ಹಿರಿಯರ ಮನೆಯಲ್ಲಿ ಮಕ್ಕಳು ಇದನ್ನು ಮೊದಲ ದಿನವೇ ಮಾಡಿಕೊಡಬೇಕು.

ಬಿ.ಪಿ. ಯಂತ್ರದ ಕತೆಯೂ ಹುಡುಕಾಟದಂಥದ್ದೇ. ದಿನಕ್ಕೆ ಹತ್ತು ಹನ್ನೆರಡು ಸಲ, ಅದೂ ಭಯದ ಪುಟ ಓದಿದ ಕೂಡಲೇ, ಅಂಗಿಯ ತೋಳು ಬಿಗಿಯಾಗಿ ಮೇಲೇರಿಸಿ, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು. ತೋಳು ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಅಂಕಿ ಸುಮಾರು 8ರಷ್ಟು ಹೆಚ್ಚು ತೋರುತ್ತದೆ. 150 ದಾಟಿದ ದಿನ ತಾವೇ ಅರ್ಧ ಮಾತ್ರೆ ಹೆಚ್ಚಿಗೆ ನುಂಗುತ್ತಿದ್ದರು. ಇದು ಅಪಾಯ, ರಾತ್ರಿ ಎದ್ದಾಗ ಒತ್ತಡ ಕುಸಿದು ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ವೈದ್ಯರ ಜೊತೆ ಮಾತಾಡಿ ಹೊಸ ಕ್ರಮ ಹಾಕಲಾಯಿತು. ತಿಂಗಳಲ್ಲಿ ಒಂದು ವಾರ ಮಾತ್ರ ಅಳೆಯುವುದು. ಬೆಳಿಗ್ಗೆ ಮಾತ್ರೆ ಮತ್ತು ತಿಂಡಿ ಎರಡಕ್ಕೂ ಮೊದಲು, ಸಂಜೆ ಊಟಕ್ಕಿಂತ ಮೊದಲು. ಅರ್ಧ ಗಂಟೆ ಮುಂಚಿನಿಂದ ಚಹಾ ಇಲ್ಲ, ಮೂತ್ರಕ್ಕೆ ಹೋಗಿ ಬಂದು ಐದು ನಿಮಿಷ ಮಾತಿಲ್ಲದೆ ಬೆನ್ನು ಆನಿಸಿ ಕೂರುವುದು, ಪಾದ ನೆಲದ ಮೇಲೆ, ಬರಿ ತೋಳಿಗೆ ಪಟ್ಟಿ, ತೋಳು ಮೇಜಿನ ಮೇಲೆ ಹೃದಯದ ಮಟ್ಟಕ್ಕೆ. ಒಂದು ನಿಮಿಷ ಬಿಟ್ಟು ಎರಡು ಸಲ. ಮೊದಲ ದಿನದ ಅಂಕಿ ಬಿಟ್ಟು ಉಳಿದವುಗಳ ಸರಾಸರಿ 135/85 ಅಥವಾ ಮೇಲಿದ್ದರೆ ವೈದ್ಯರಿಗೆ ತಿಳಿಸುವುದು. ಜೀವನವಿಡೀ ಲೆಕ್ಕ ಬರೆದವರು. ಸರಾಸರಿ ತೆಗೆಯುವ ಕೆಲಸ ಅವರಿಗೆ ಹಿಡಿಸಿತು. ಮೊದಲ ವಾರದ ಸರಾಸರಿ 128/80 ಬಂತು.

ಪ್ರತಿ ಸಲ ಹುಡುಕಿದಾಗ, ಅಳೆದಾಗ, ಪತ್ನಿಯಿಂದ "ಏನೂ ಆಗಂಗಿಲ್ಲ" ಅನ್ನಿಸಿಕೊಂಡಾಗ ಹತ್ತು ನಿಮಿಷ ನೆಮ್ಮದಿ ಸಿಗುತ್ತದೆ. ಆದರೆ ಮನಸ್ಸು ಕಲಿಯುವ ಪಾಠ, ನೋಡಿದ್ದಕ್ಕೇ ಉಳಿದೆ ಎಂಬುದು. ಆದ್ದರಿಂದ ಮುಂದಿನ ಸಲ ಇನ್ನೂ ಬೇಗ ನೋಡಬೇಕೆನ್ನಿಸುತ್ತದೆ. ಇದನ್ನು ಒಮ್ಮೆಲೇ ನಿಲ್ಲಿಸು ಎಂದರೆ ಆಗದು, ಮುಂದೂಡುವುದನ್ನು ಕಲಿಸಬಹುದು. ಒಂದು ಉದ್ದನೆಯ ವಹಿ ಇಡಲಾಯಿತು. ಭಯ ಬಂದಾಗ ದಿನಾಂಕ, ಹೊತ್ತು, ಏನನ್ನಿಸಿತು, ಆಗ ಏನು ಮಾಡುತ್ತಿದ್ದೆ ಎಂದು ಬರೆಯುವುದು. ಹುಡುಕುವುದು ಬೇಡ. ಸಂಜೆ ಐದಕ್ಕೆ ಇಪ್ಪತ್ತು ನಿಮಿಷ ಆ ವಹಿ ತೆರೆದು ಚಿಂತೆಗೆಂದೇ ಕೂರುವುದು. ಎರಡು ದಿನದ ನಂತರವೂ ಉಳಿದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ವೈದ್ಯರ ಭೇಟಿಗೆ ಒಯ್ಯುವುದು. ಬರೆದ ಪ್ರಶ್ನೆಗಳಲ್ಲಿ ಬಹಳಷ್ಟು ಸಂಜೆಯ ತನಕವೂ ಉಳಿಯಲಿಲ್ಲ. ಪತ್ನಿಗೂ ಒಂದು ಮಾತು ಗೊತ್ತುಮಾಡಿಕೊಡಲಾಯಿತು: ನಾಡಿ ನೋಡು ಎಂದಾಗ "ವಹಿಯಾಗ ಬರೀರಿ, ಸಂಜೀಕ ಇಬ್ಬರೂ ಕೂತು ನೋಡೋಣ" ಎನ್ನುವುದು. ಮೊದಲ ವಾರ ಅವರಿಗೇ ಕಷ್ಟವಾಯಿತು, ಕಲ್ಲು ಮನಸ್ಸು ಮಾಡಿದಂತೆ ಅನ್ನಿಸಿತು. ಪ್ರೀತಿ ಕಡಿಮೆ ಮಾಡುವ ಮಾತಲ್ಲ ಅದು, ಇಬ್ಬರ ನಿದ್ದೆಯನ್ನೂ ಉಳಿಸುವ ಮಾತು.

ವಹಿಯ ನಿಯಮ ನಡೆಯದ ಕೆಲವು ಸ್ಥಿತಿಗಳಿವೆ. ಅವನ್ನು ವಹಿಯ ರಟ್ಟಿನ ಒಳಗೆ ಅಂಟಿಸಲಾಗಿದೆ. ಎದೆಯ ನಡುವೆ ಒತ್ತಿದಂಥ ನೋವು ಕೆಲವು ನಿಮಿಷವಾದರೂ ಇಳಿಯದಿದ್ದರೆ, ತೋಳಿಗೆ ಅಥವಾ ದವಡೆಗೆ ಹರಡಿದರೆ, ತಣ್ಣನೆ ಬೆವರು, ಉಸಿರುಗಟ್ಟುವುದು ಜೊತೆಗಿದ್ದರೆ. ಮುಖ ಒಂದು ಕಡೆ ವಾಲಿದರೆ, ಕೈಯೊಂದು ಎತ್ತಲು ಬರದಿದ್ದರೆ, ಮಾತು ತೊದಲಿದರೆ. ಆಗ ಬರೆಯುವುದೂ ಇಲ್ಲ, ಹುಡುಕುವುದೂ ಇಲ್ಲ, 108ಕ್ಕೆ ಕರೆ.

ಏಪ್ರಿಲ್ ಕೊನೆಯಲ್ಲಿ ಹಿನ್ನಡೆ ಆಯಿತು. ಎದ್ದು ನಿಂತಾಗ ತಲೆ ಸುತ್ತು, ಕಣ್ಣು ಕತ್ತಲೆ. ಪಾರ್ಶ್ವವಾಯು ಎಂದು ಮತ್ತೆ ರಾತ್ರಿಯಿಡೀ ಹುಡುಕಾಟ. ಈ ಸಲ ದೇಹದಲ್ಲಿ ನಿಜವಾದ ಕಾರಣವಿತ್ತು: ಹೊರಗೆ 42 ಡಿಗ್ರಿ, ನೀರು ಕಡಿಮೆ, ಮೇಲೆ ಬಿ.ಪಿ. ಮಾತ್ರೆ, ನಿಂತಾಗ ಒತ್ತಡ 100ರ ಹತ್ತಿರಕ್ಕೆ ಇಳಿಯುತ್ತಿತ್ತು. ವೈದ್ಯರು ಬೇಸಿಗೆಗೆ ಮಾತ್ರೆಯ ಪ್ರಮಾಣ ಬದಲಿಸಿದರು. ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಕೂತು ನಿಲ್ಲಲು ಹೇಳಿದರು. ಅಪ್ಪನ ಕೆರೆಯ ಸುತ್ತಿನ ನಡಿಗೆ ಬೆಳಿಗ್ಗೆ ಏಳರೊಳಗೆ ಮುಗಿಯುವಂತಾಯಿತು. ಮಧ್ಯಾಹ್ನ ಕೂಲರ್ ಹಾಕಿ ಎರಡು ತಾಸು ಮಲಗುತ್ತಿದ್ದದ್ದು ಅರ್ಧ ತಾಸಿಗೆ ಇಳಿದ ಮೇಲೆ ರಾತ್ರಿಯ ನಿದ್ದೆ ಹತ್ತಿತು. ಇವರ ಪ್ರತಿಯೊಂದು ದೂರನ್ನೂ ‘ಬರೀ ಟೆನ್ಶನ್’ ಎಂದು ತಳ್ಳಿಹಾಕಿದ್ದರೆ ಇದು ತಪ್ಪಿಹೋಗುತ್ತಿತ್ತು.

ಕಂಪ್ಯೂಟರ್ ಈಗ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ, ಸಂಜೆ ಮೊಮ್ಮಗಳ ಕರೆಗೆ ಒಂದಷ್ಟು ಹೊತ್ತು; ರಾತ್ರಿ ಎಂಟಕ್ಕೆ ಬಂದ್. ಬೀಜ, ಗೊಬ್ಬರ, ಆಳಿನ ಕೂಲಿ, ತೊಗರಿಯ ತೂಕ ಎಲ್ಲ ಎಕ್ಸೆಲ್‌ನಲ್ಲಿ ಬರೆಯುತ್ತಾರೆ. ಕಚೇರಿಯಲ್ಲಿ ಕಲಿತ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಮಗನಿಗೆ ಬರೆದ ಪತ್ರ ಅಲ್ಲಿ ಅರ್ಥವಿಲ್ಲದ ಗೀಟುಗಳಾಗಿ ತೆರೆದುಕೊಂಡಿತ್ತು. ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಆಯ್ಕೆ ಮಾಡಿ ಬರೆದರೆ ಸರಿಹೋಗುತ್ತದೆ ಎಂದು ಮಗ ಫೋನಿನಲ್ಲಿ ಹೇಳಿಕೊಟ್ಟ. ಗೆಳೆಯರ ಮನೆಗೆ ಹೋಗಿ ಅವರ ಪತ್ನಿಯ ಪಿಂಚಣಿ ಅರ್ಜಿಯ ಕಾಗದ ನೋಡಿಕೊಟ್ಟು ಬಂದಿದ್ದಾರೆ.

ಆತಂಕ ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ 21ಕ್ಕೆ 14 ಇದ್ದದ್ದು ಈಗ 7. ಹುಡುಕಾಟ ಪೂರ್ತಿ ನಿಂತಿಲ್ಲ, ವಾರಕ್ಕೊಮ್ಮೆ ಉಂಟು. ತಿಂಗಳಿಗೊಂದು ಭೇಟಿ ಮುಂದುವರಿದಿದೆ. ಅಂಕ ಮತ್ತೆ 10 ದಾಟಿ ಎರಡು ವಾರ ಹಾಗೆಯೇ ಇದ್ದರೆ, ಅಥವಾ ನಿದ್ದೆ ಕೆಟ್ಟರೆ, ಮನೋವೈದ್ಯರಲ್ಲಿಗೆ ಕಳಿಸುವುದೆಂದು ಮೂವರೂ ಕೂತು ಒಪ್ಪಿಕೊಳ್ಳಲಾಗಿದೆ. ಭೇಟಿಗಳ ನಡುವೆ ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಆ ನಂಬರು ಮಾನಿಟರಿನ ಅಂಚಿಗೆ ಅಂಟಿಸಿದೆ.