ಹದಿನಾಲ್ಕರ ಹುಡುಗ ಬೆಳಿಗ್ಗೆ ಏಳೋದೇ ಇಲ್ಲ!

ಪ್ರಶ್ನೆ: ನನ್ನ ಮಗನಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಸ್ಕೂಲು ಬೆಳಿಗ್ಗೆ 7ಕ್ಕೆ. ರಾತ್ರಿ 12 ಆದರೂ ಮಲಗುವುದಿಲ್ಲ. ಬೆಳಿಗ್ಗೆ ಎಬ್ಬಿಸಿದರೆ ಸಿಡಿಮಿಡಿ, ಬ್ರಷ್ ಬಾಯಲ್ಲಿಟ್ಟುಕೊಂಡೇ ಗೋಡೆಗೆ ಒರಗಿ ತೂಕಡಿಸುತ್ತಾನೆ. ಅವರಪ್ಪ ಸೋಮಾರಿ ಅಂತ ಬೈಯುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಡೊಂಬಿವಲಿ, ಮಹಾರಾಷ್ಟ್ರ

ಉತ್ತರ: ಮೊದಲು ಆ 'ಸೋಮಾರಿ' ಅನ್ನೋ ಮಾತು ನಿಲ್ಲಿಸಿ, ದಯವಿಟ್ಟು. ಈ ವಯಸ್ಸಿನಲ್ಲಿ ಮೈಯೊಳಗಿನ ಗಡಿಯಾರವೇ ತಡವಾಗುತ್ತದೆ, ನಿದ್ದೆಯ ಹೊತ್ತಾಯಿತು ಅಂತ ಹೇಳುವ ಮೆಲಟೋನಿನ್ ಅನ್ನೋ ಹಾರ್ಮೋನು ಚಿಕ್ಕ ಮಕ್ಕಳಿಗಿಂತ ತಡವಾಗಿ ಏರುತ್ತದೆ, ಹಾಗಾಗಿ 10ಕ್ಕೆ ಲೈಟ್ ಆರಿಸಿದರೂ ಹುಡುಗ ಸುಮ್ನೆ ಫ್ಯಾನ್ ನೋಡುತ್ತಾ ಬಿದ್ದಿರುತ್ತಾನೆ. 13ರಿಂದ 18ರವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಿಮ್ಮ ಹುಡುಗನಿಗೆ ಆರೂ ಸಿಗುತ್ತಿಲ್ಲ, ಅಲ್ವಾ? ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೂ ಮೈ ಬೆಳೆಯುವುದಕ್ಕೂ ಆ ನಿದ್ದೆ ಬೇಕೇ ಬೇಕು. ಇನ್ನು ಸಿಡಿಮಿಡಿ. ಕೋಪ ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ, ಅದರ ಮೇಲೆ ನಿದ್ದೆಗೇಡು ಬೇರೆ.

ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಬೆಳಿಗ್ಗೆ 9ಕ್ಕಿಂತ ಮುಂಚೆ ಕ್ಲಾಸು ಬೇಡ ಅಂದಿದ್ದು ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ದೊಡ್ಡ ಮಕ್ಕಳಿಗೇ ಇದು ಜಾಸ್ತಿ ಬೇಕಿತ್ತು ಅಂತ ನನಗನ್ನಿಸುತ್ತದೆ.

ಸದ್ಯಕ್ಕೆ ರಾತ್ರಿ ಫೋನುಗಳೆಲ್ಲ ಹಾಲ್‌ನಲ್ಲೇ ಚಾರ್ಜಿಗಿರಲಿ, ನಿಮ್ಮದೂ ಸೇರಿ. ಸಂಜೆ ಮೇಲೆ ಚಹಾ ಬೇಡ. ಎದ್ದ ಕೂಡಲೇ ಬಾಲ್ಕನಿಗೆ ಕಳಿಸಿ, ಬೆಳಕು ಕಣ್ಣಿಗೆ ಬೀಳಲಿ. ಮಲಗುವ ಹೊತ್ತನ್ನು ಒಮ್ಮೆಲೇ ಬದಲಿಸಬೇಡಿ, ವಾರಕ್ಕೆ 15 ನಿಮಿಷ ಬೇಗ ಮಾಡಿದರೆ ಸಾಕು. ಭಾನುವಾರ ಒಂದು ಗಂಟೆ ಜಾಸ್ತಿ ಮಲಗಿದರೆ ಬಿಟ್ಟುಬಿಡಿ. ಗೊರಕೆ ಜೋರಾಗಿದ್ದರೆ ಅಥವಾ ವಾರಗಟ್ಟಲೆ ಮಂಕಾಗಿದ್ದರೆ ಡಾಕ್ಟರಿಗೆ ತೋರಿಸಿ.