ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಮಂದಿಯೆಲ್ಲ ವಂಡರ್‌ಲಾಗೆ ಹೊರಟಾಗ

ಪ್ರಶ್ನೆ: ನಾವು ಆರು ಜನ: ನಾವಿಬ್ಬರು, 11 ವರ್ಷದ ಮಗ, 6 ವರ್ಷದ ಮಗಳು, ಅತ್ತೆ, ಮಾವ. ದಸರಾ ರಜೆಯಲ್ಲಿ ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗುವ ಯೋಚನೆಯಿದೆ. ರಾತ್ರಿ ಬಸ್ಸಿಗೆ ಬಂದು, ಆಡಿ, ಅದೇ ರಾತ್ರಿ ವಾಪಸ್ಸಾಗಬಹುದೇ? ತಯಾರಿ ಎಲ್ಲಿಂದ ಶುರು ಮಾಡಲಿ?
— ಗೃಹಿಣಿ, ದಾವಣಗೆರೆ

ಉತ್ತರ: ಮೊದಲು ಟೇಪು ತಗೊಂಡು ಮಕ್ಕಳ ಎತ್ತರ ಅಳೆಯಿರಿ. ಅಲ್ಲಿ ಟಿಕೆಟ್ಟನ್ನೂ ಆಟವನ್ನೂ ನಿರ್ಧರಿಸುವುದು ವಯಸ್ಸಲ್ಲ, ಎತ್ತರ. 85 ಸೆಂ.ಮೀ.ಗಿಂತ ಕಡಿಮೆ ಇರುವ ಮಗುವಿಗೆ ಟಿಕೆಟ್ ಬೇಕಿಲ್ಲ. 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದಕ್ಕೂ ಮೇಲೆ ದೊಡ್ಡವರ ದರ. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವಿಟ್ಟು ಗೋಡೆಗೆ ಗುರುತು ಹಾಕಿ. ಅಡಿ-ಇಂಚಿನ ಲೆಕ್ಕ ನಂಬಬೇಡಿ. ನಾಲ್ಕಡಿ ಏಳಿಂಚು ಎಂದರೆ 139.7 ಸೆಂ.ಮೀ., ಅಂದರೆ 140ಕ್ಕೆ ಕೂದಲೆಳೆಯಷ್ಟು ಕಡಿಮೆ. ಜೋರಿನ ಆಟಗಳಲ್ಲಿ ಹೆಚ್ಚಿನವುಗಳ ಮುಂದೆ ಕನಿಷ್ಠ ಇಷ್ಟು ಎತ್ತರ ಬೇಕೆಂಬ ಫಲಕ ಇರುತ್ತದೆ. ಭುಜದ ಮೇಲೆ ಬಂದು ಕೂರುವ ಪಟ್ಟಿ ದೊಡ್ಡ ಮೈಗೆ ಅಳೆದು ಮಾಡಿದ್ದು, ಸಣ್ಣ ಮೈ ಅದರೊಳಗಿಂದ ಜಾರಬಹುದು. ಹಾಗಾಗಿ ಸಿಬ್ಬಂದಿ ಬೇಡವೆಂದರೆ ವಾದಿಸಬೇಡಿ. ಮಗ ಆ ಎತ್ತರಕ್ಕೆ ಮುಟ್ಟಿಲ್ಲವೆಂದು ಮನೆಯಲ್ಲೇ ಗೊತ್ತಾದರೆ, ಅವನಿಗೂ ಅಲ್ಲೇ ಹೇಳಿಬಿಡಿ. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತ ಮೇಲೆ ಹಿಂದೆ ಕಳಿಸಿದರೆ ಆ ಮಗುವಿನ ಇಡೀ ದಿನ ಕೆಡುತ್ತದೆ.

ರಾತ್ರಿ ಬಸ್ಸಿನ ಯೋಚನೆ ಮಾತ್ರ ಬೇಡ. ನಿದ್ದೆಗೆಟ್ಟ ಮಕ್ಕಳಿಗೆ ಎರಡನೇ ಆಟಕ್ಕೇ ವಾಂತಿ ಬರುತ್ತದೆ. ಹಿಂದಿನ ದಿನವೇ ಬಂದು ಕೆಂಗೇರಿ, ಬಿಡದಿ ಅಥವಾ ರಾಮನಗರದಲ್ಲಿ ಉಳಿಯಿರಿ. ಮೆಜೆಸ್ಟಿಕ್ಕಿನಲ್ಲಿ ರೂಮು ಮಾಡಿದರೆ ಬೆಳಗಿನ ಹೊತ್ತೆಲ್ಲ ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲೇ ಕಳೆಯುತ್ತದೆ. ಆಯುಧಪೂಜೆ, ವಿಜಯದಶಮಿ, ಶನಿವಾರ, ಭಾನುವಾರಗಳನ್ನು ಬಿಟ್ಟು ರಜೆಯ ನಡುವಿನ ಮಂಗಳವಾರವನ್ನೋ ಬುಧವಾರವನ್ನೋ ಆರಿಸಿ. ಟಿಕೆಟ್ ದರ ದಿನದಿಂದ ದಿನಕ್ಕೆ ಬದಲಾಗುವುದರಿಂದ ಆನ್‌ಲೈನಿನಲ್ಲಿ ಎರಡು ಮೂರು ದಿನಗಳ ದರ ಹೋಲಿಸಿ ನೋಡಿ.

ಪ್ರಶ್ನೆ: ದಸರಾ ತಪ್ಪಿದರೆ ಡಿಸೆಂಬರಿನ ಕೆಲಸದ ದಿನ ಖಾಲಿ ಇರುತ್ತದಲ್ಲವೇ?
— ಓದುಗ, ಹಾಸನ

ಉತ್ತರ: ಇಲ್ಲ. ನಮ್ಮ ಶಾಲೆಗಳು ಪ್ರವಾಸ ಹೊರಡುವುದೇ ನವೆಂಬರಿನಿಂದ ಜನವರಿಯವರೆಗೆ, ಅದೂ ಕೆಲಸದ ದಿನಗಳಲ್ಲಿ. ಸಾಲು ಚಿಕ್ಕದಾಗಿರಬೇಕೆಂದರೆ ಶಾಲೆ ಶುರುವಾದ ಮೇಲಿನ ಜೂನ್ ಕೊನೆ, ಜುಲೈ ನೋಡಿ. ಸೋನೆ ಮಳೆಗೆ ಹೆದರಬೇಕಿಲ್ಲ, ಹೇಗೂ ನೆನೆಯಲೆಂದೇ ಹೋಗುವುದು. ಆದರೆ ಗುಡುಗು-ಸಿಡಿಲು ಬಂದಾಗ ಆಟ ನಿಲ್ಲಿಸುತ್ತಾರೆ.

ಪ್ರಶ್ನೆ: ನೀರಿನ ಆಟಕ್ಕೆ ಹತ್ತಿ ಬಟ್ಟೆ ಬಿಡುವುದಿಲ್ಲವಂತೆ, ಯಾಕೆ? ಚೂಡಿದಾರ್ ಹಾಕಬಹುದೇ?
— ಕಾಲೇಜು ವಿದ್ಯಾರ್ಥಿನಿ, ತುಮಕೂರು

ಉತ್ತರ: ಹತ್ತಿ ನೀರು ಹೀರಿ ಭಾರವಾಗಿ ಮೈಯಿಂದ ಜಗ್ಗುತ್ತದೆ, ಜಾರುಬಂಡೆಯಲ್ಲಿ ಅಂಟಿಕೊಂಡು ಮಧ್ಯದಲ್ಲೇ ನಿಲ್ಲಿಸುತ್ತದೆ. ಹಿಂದೆ ಬರುವವರು ಬಂದು ಗುದ್ದುವುದು ಆಗಲೇ. ಅದರ ನೂಲು ಕೊಳದ ಫಿಲ್ಟರಿನಲ್ಲೂ ಸಿಕ್ಕಿಕೊಳ್ಳುತ್ತದೆ. ನೈಲಾನ್, ಲೈಕ್ರಾ ಅಥವಾ ಪಾಲಿಯೆಸ್ಟರಿನ ತುಂಬುತೋಳಿನ ಟಿ-ಶರ್ಟು, ಮಂಡಿ ದಾಟುವ ಬಿಗಿ ಪ್ಯಾಂಟು ಸಾಕು. ಸಡಿಲವಾದ ಚೂಡಿದಾರ್ ಬೇಡ, ದುಪಟ್ಟಾ ಬೇಡವೇ ಬೇಡ. ಲೋಹದ ಜಿಪ್ಪು, ಗುಂಡಿ ಇರುವ ಜೀನ್ಸ್ ಜಾರುಬಂಡೆಯನ್ನು ಗೀರುತ್ತದೆ. ಸರ, ಕಾಲ್ಗೆಜ್ಜೆ, ಕಾಲುಂಗುರ ಮನೆಯಲ್ಲೇ ತೆಗೆದಿಡಿ. ಉದ್ದ ಜಡೆ ಇಳಿಬಿಡದೆ ತುರುಬು ಕಟ್ಟಿ ಕ್ಯಾಪಿನೊಳಗೆ ಸೇರಿಸಿ.

ಕೊಳಕ್ಕೆ ಇಳಿಯುವ ಮೊದಲು ಶವರಿನಲ್ಲಿ ತಲೆ ನೆನೆಸಿಕೊಳ್ಳಿ. ಒಳ್ಳೆಯ ನೀರು ಕುಡಿದ ಕೂದಲು ಕ್ಲೋರಿನ್ ನೀರನ್ನು ಕಡಿಮೆ ಹೀರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಲೇಬೇಕು, ನೀರಿನ ಸೂಕ್ಷ್ಮಜೀವಿಗಳು ಲೆನ್ಸಿನ ಅಡಿಗೆ ಸೇರಿ ಕಣ್ಣಿಗೆ ಸೋಂಕು ತರಬಹುದು. ಕನ್ನಡಕದವರು ಹಿಂದಿನಿಂದ ಕಟ್ಟುವ ಪಟ್ಟಿ ತನ್ನಿ. ಒಬ್ಬೊಬ್ಬರಿಗೂ ಒಂದು ಟವೆಲ್ಲು, ಒಂದು ಜೊತೆ ಒಣ ಒಳಉಡುಪು, ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಕವರು ಇರಲಿ. ಲಾಕರು ಎಲ್ಲರಿಗೂ ಸೇರಿ ಒಂದು ಸಾಕು. ಆದರೆ ಕೀಲಿಕೈ ಯಾರ ಬಳಿ ಎಂಬುದನ್ನು ಮೊದಲೇ ನಿಗದಿ ಮಾಡಿ.

ಪ್ರಶ್ನೆ: ಮೊದಲು ನೀರೋ, ಒಣ ಆಟವೋ? ಹೋದ ಸಲ ಮಧ್ಯಾಹ್ನ ಊಟ ಮಾಡಿ ರೋಲರ್ ಕೋಸ್ಟರ್ ಹತ್ತಿದ ಮಗನಿಗೆ ವಾಂತಿಯಾಯಿತು.
— ತಂದೆ, ಮಂಡ್ಯ

ಉತ್ತರ: ಮೊದಲು ಒಣ ಆಟ, ಅದರಲ್ಲೂ ಅತಿ ಜೋರಿನದು. ಬಾಗಿಲು ತೆರೆಯುವ ಅರ್ಧ ಗಂಟೆ ಮುಂಚೆ ನಿಂತಿದ್ದು, ಜನ ದಾರಿಯ ಮೊದಲ ಆಟಕ್ಕೆ ಮುಗಿಬೀಳುವಾಗ ನೀವು ರಿಕಾಯ್ಲ್ ಕಡೆ ಹೋಗಿ. ಮುಂದಕ್ಕೆ ಓಡಿ ಅದೇ ಹಳಿಯಲ್ಲಿ ಹಿಂದಕ್ಕೆ ಬರುವ ಕೋಸ್ಟರ್ ಅದು, ಅದಕ್ಕೆ ಹೊಟ್ಟೆ ಹಗುರ ಇರಬೇಕು. ಪೂರ್ತಿ ಖಾಲಿಯೂ ಇರಬಾರದು. ಬೆಳಗ್ಗೆ ಬಿಡದಿಯ ತಟ್ಟೆ ಇಡ್ಲಿ ಒಂದೋ ಎರಡೋ ತಿಂದು, ಬೆಣ್ಣೆ ಮುಟ್ಟದೆ ಬನ್ನಿ. ಹೊರಗಿನ ಊಟ ಒಳಗೆ ಬಿಡದ ಕಾರಣ ಈ ತಿಂಡಿ ಮುಖ್ಯ.

ವಾಂತಿಯ ಕಾರಣ ಕಿವಿಯೊಳಗಿದೆ. ಸಮತೋಲ ನೋಡಿಕೊಳ್ಳುವ ಒಳಗಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಕಣ್ಣು ಮುಚ್ಚದೆ, ತಲೆಯನ್ನು ಸೀಟಿಗೆ ಒತ್ತಿ, ದೂರದ ಒಂದೇ ಕಡೆ ನೋಡಲು ಹೇಳಿ. ಕುತ್ತಿಗೆ ಉಳುಕುವುದೂ ತಪ್ಪುತ್ತದೆ. ಗಿರಗಿರ ತಿರುಗುವ ಎರಡು ಆಟಗಳನ್ನು ಒಂದರ ಹಿಂದೆ ಒಂದು ಆಡಿಸಬೇಡಿ.

ನೀರಿನ ಆಟ ತಡವಾಗಿ ತೆರೆದು ಬೇಗ ಮುಚ್ಚುತ್ತದೆ. ಹಾಗಾಗಿ ಜನ ಊಟಕ್ಕೆ ನುಗ್ಗುವ ಮೊದಲೇ ನೀವು ಉಂಡು ನೀರಿಗೆ ಇಳಿಯಿರಿ, ಅರ್ಧ ಗಂಟೆ ಸೋಮಾರಿಯಾಗಿ ತೇಲುವ ಆಟ, ಆಮೇಲೆ ಜಾರುಬಂಡೆ. ಅಲೆಕೊಳದಲ್ಲಿ ಅಲೆ ಸದಾ ಇರುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ಅಲೆ ಏಳುವಾಗ ಮಕ್ಕಳ ಕೈ ಹಿಡಿದೇ ಇರಿ, ಮುಂದಿನ ಸಾಲಿನ ದೊಡ್ಡವರು ಒಮ್ಮೆಲೇ ಹಿಂದೆ ಸರಿದಾಗ ಸಣ್ಣವರು ಮುಳುಗುತ್ತಾರೆ. ಒಬ್ಬೊಬ್ಬ ಮಗುವಿನ ಮೇಲೂ ಒಬ್ಬ ದೊಡ್ಡವರ ಕಣ್ಣಿರಲಿ, ‘ಎಲ್ಲರೂ ನೋಡ್ತಿದ್ದೇವೆ’ ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ತಪ್ಪಿಸಿಕೊಂಡರೆ ಎಂದು ಮಗುವಿನ ಮುಂಗೈ ಮೇಲೆ ನಿಮ್ಮ ಫೋನ್ ನಂಬರು ಅಳಿಯದ ಮಾರ್ಕರಿನಲ್ಲಿ ಬರೆಯಿರಿ.

ಪ್ರಶ್ನೆ: ಅತ್ತೆಗೆ 66, ಮಂಡಿನೋವು, ಸಕ್ಕರೆ ಕಾಯಿಲೆ. ಕರೆದೊಯ್ಯಬಹುದೇ?
— ಸೊಸೆ, ಬೆಂಗಳೂರು

ಉತ್ತರ: ಖಂಡಿತ, ಅವರಿಗಾಗಿ ಬೇರೆ ದಿನಚರಿ ಮಾಡಿದರೆ. ನಡಿಗೆ ಬಹಳವಿದೆ, ಮೆಟ್ಟಿಲುಗಳೂ ಇವೆ. ನೆರಳಿರುವ ಒಂದು ಜಾಗವನ್ನು ಎಲ್ಲರ ಸೇರುತಾಣ ಮಾಡಿ, ಎರಡು ಗಂಟೆಗೊಮ್ಮೆ ಬದಲಾಯಿಸಿಕೊಂಡು ಒಬ್ಬರು ಅವರ ಜೊತೆ ಕೂರಿ. ಮಾತ್ರೆ, ವೈದ್ಯರ ಚೀಟಿ, ಸಕ್ಕರೆ ಇಳಿದರೆ ಬೇಕಾಗುವ ಗ್ಲೂಕೋಸ್ ಅವರ ಕೈಚೀಲದಲ್ಲೇ ಇರಲಿ, ಲಾಕರಿನಲ್ಲಲ್ಲ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿನೆಲದ ಸುಡುವಿಕೆ ತಿಳಿಯದೆ ಬೊಬ್ಬೆ ಏಳಬಹುದು. ಆದ್ದರಿಂದ ನೀರಿನ ಬಳಿಯೂ ಜಾರದ ರಬ್ಬರು ಚಪ್ಪಲಿ ಬಿಡಬಾರದು. ಹಿರಿಯರಿಗೆ ರಿಯಾಯಿತಿ ಕೇಳಲು ಆಧಾರ್ ತನ್ನಿ. ಹೃದಯ, ಬಿ.ಪಿ., ಬೆನ್ನುಮೂಳೆ ತೊಂದರೆ ಇರುವವರೂ ಗರ್ಭಿಣಿಯರೂ ಜೋರಿನ ಆಟ ಹತ್ತಲೇಬಾರದು.

ಪ್ರಶ್ನೆ: ಸ್ಕೂಟರಿನಲ್ಲಿ ಎಕ್ಸ್‌ಪ್ರೆಸ್‌ವೇ ಹಿಡಿಯಬಹುದೇ?
— ಓದುಗ, ರಾಜಾಜಿನಗರ

ಉತ್ತರ: ಇಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋಗಳಿಗೆ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಿ. ಕಾರಿನವರೂ ಅದೇ ಮಾಡುವುದು ಮೇಲು. ಮುಖ್ಯ ಪಥ ಬಿಡದಿಯನ್ನು ಬೈಪಾಸಿನಲ್ಲಿ ದಾಟಿಬಿಡುತ್ತದೆ, ತಿರುವು ತಪ್ಪಿದರೆ ರಾಮನಗರದ ಕಡೆಗೆ ಹೋಗಿ ತಿರುಗಿ ಬರಬೇಕಾಗುತ್ತದೆ.